ಹೆಡ್‌ಫೋನ್ ಹರಿಣಾಕ್ಷಿ

ನಾವುಂದದಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ಇಟ್ಟಿರುವ ಹರಿಣಾಕ್ಷಿಯ ತಾಳ್ಮೆ ನೋಡಬೇಕಾದರೆ ಮೀನು ಮಾರುವ ಹೆಂಗಸರ ಭಜನೆ ತಂಡ ಬಂದ ದಿನ ಹೋಗಬೇಕು. ಅವಳ ಮೇಜಿನ ಮೇಲಿನ ಸಣ್ಣ ಪೆಟ್ಟಿಗೆಯಿಂದ ಎಲ್ಲರ ಹೆಡ್‌ಫೋನಿಗೂ ವಯರು ಹೋಗಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಗುಂಡಿ. ಒಬ್ಬಳಿಗೆ ಹಾರ್ಮೋನಿಯಂ ಜಾಸ್ತಿ ಬೇಕು, ಇನ್ನೊಬ್ಬಳಿಗೆ ತಾಳ ಕಿವಿಗೆ ಬಡಿಯುತ್ತದೆ, ತಮ್ಮ ದನಿ ಮಾತ್ರ ಯಾರಿಗೂ ಸಾಲದು. "ಹ್ವಾಯ್, ಈಗ ಕೇಣತ್ತಾ?" ಎನ್ನುತ್ತ ಅವಳು ಗುಂಡಿ ತಿರುಗಿಸುತ್ತಲೇ ಇರುತ್ತಾಳೆ; ದೇವರೇ ಬಂದು ಕೂತರೂ ಮೊದಲು ಅವನ ವಾಲ್ಯೂಮ್ ವಿಚಾರಿಸಿಯಾಳು. ಕಿವಿ ಮಂದವಾಗಿ ಶ್ರುತಿ ತಪ್ಪುತ್ತದೆಂದು ಹಾಡುವುದನ್ನೇ ಬಿಟ್ಟಿದ್ದ ಅದೇ ತಂಡದ ನಾಗಕ್ಕ ಮೊನ್ನೆ ಬರೀ ತಾಳ ಹಾಕಲು ಬಂದಿದ್ದರು. ಹರಿಣಾಕ್ಷಿ ಅವರಿಗೂ ಹೆಡ್‌ಫೋನ್ ತೊಡಿಸಿ, ಮೈಕಿನೆದುರು ನಿಲ್ಲಿಸಿ, ಅವರ ಕಿವಿಗೆ ಶ್ರುತಿಯ ಸದ್ದನ್ನೂ ಅವರದೇ ದನಿಯನ್ನೂ ಏರಿಸಿದಳು. ನಾಗಕ್ಕ ಹಾಡಿದರು, ಒಂದು ಸ್ವರವೂ ಜಾರಲಿಲ್ಲ. "ನನ್ ದನಿ ಇನ್ನೂ ಇತ್ತಲೆ ಮಾರಾಯ್ತಿ!" ಎಂದು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು. ಹಾಡು ಸರಿಯಾಗಿಯೇ ಬಂದಿತ್ತು. ಆದರೂ ಹರಿಣಾಕ್ಷಿ, "ಇನ್ನೊಂದ್ ಸಲ ಹಾಡಿ ನಾಗಕ್ಕ" ಎಂದಳು. ಆ ಸಲ ರೆಕಾರ್ಡಿಂಗ್ ಬಟನ್ ಒತ್ತಲೇ ಇಲ್ಲ. ಸುಮ್ಮನೆ ಕೂತು ನಾಗಕ್ಕನ ಮುಖ ನೋಡಿದಳು.