ದರ್ಜಿಯ ಹಳದಿ ಬೆಲ್ಟು

ನಮ್ಮ ದರ್ಜಿ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಜೂಡೊ ಕಲಿಯಲು ಹೊರಟಾಗ ಹೆಂಡತಿ ಹಣೆ ಚಚ್ಚಿಕೊಂಡಳು. "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ಹನ್ನೊಂದು ವರ್ಷ ಮುಂಚೇನೇ ಬಂತಲ್ಲ!"

ಆದದ್ದು ಇಷ್ಟೇ. ಮಗಳು ವಾರಕ್ಕೆ ಮೂರು ಸಂಜೆ ಜೂಡೊ ತರಗತಿಗೆ ಹೋಗುತ್ತಿದ್ದಳು, ಆಗಲೇ ಕಪ್ಪು ಬೆಲ್ಟಿಗೆ ಒಂದೇ ಮೆಟ್ಟಿಲು ಕೆಳಗಿನ ಕಂದು ಬೆಲ್ಟಿನವಳು. ಅಪ್ಪ ಬಾಗಿಲ ಬಳಿ ಬೆಂಚಿನ ಮೇಲೆ ಕೂತು ಕಾಯುತ್ತಿದ್ದ. ಕಲಿಸುವಾಕೆ ಹಗಲೆಲ್ಲ ಬಸ್ ಓಡಿಸುವ ಗಟ್ಟಿಗಿತ್ತಿ. ಒಂದು ದಿನ, "ಸುಮ್ನೆ ಬೆಂಚು ಸವೆಸೋ ಬದ್ಲು ಒಳಗೆ ಬನ್ನಿ" ಎಂದಳು. ಹೋದ. ಮೊದಲ ತಿಂಗಳು ಬರೀ ಬೀಳುವುದನ್ನೇ ಕಲಿತ. ಆದರೂ ದಿನವಿಡೀ ಮಷೀನಿನ ಮುಂದೆ ಬಾಗಿ ಬಿಲ್ಲಾದ ಬೆನ್ನು ಆ ಒಂದು ಗಂಟೆ ನೆಟ್ಟಗಾಗುತ್ತಿತ್ತಲ್ಲ, ಆ ಸುಖವನ್ನು ಏನೆಂದು ಹೇಳಲಿ! ಉಳಿದ ದಿನಗಳಲ್ಲೂ ಆ ಗಂಟೆಗಾಗಿಯೇ ಅವನು ಗಡಿಯಾರ ನೋಡುವಂತಾಯಿತು.

ಬೀಳುವುದರಲ್ಲಿ ಪಾಸು, ಬೀಳಿಸುವುದರಲ್ಲಿ ಫೇಲು. ಜೂಡೊದಲ್ಲಿ ಎದುರಾಳಿಯ ಕಾಲರು, ತೋಳು ಹಿಡಿದು ಜಗ್ಗಿ ಎಸೆಯಬೇಕು. ದರ್ಜಿಯ ಕೈ ಜಗ್ಗಿದರೆ ತಾನೆ? ಅಂಗಿ ಹಿಡಿದ ಕೂಡಲೇ ಕಣ್ಣು ಕಂಕುಳಿನ ಹೊಲಿಗೆಗೆ ಓಡುತ್ತಿತ್ತು. ರೆಡಿಮೇಡ್ ಮಾಲು, ಒಂಟಿ ಸಾಲಿನ ಹೊಲಿಗೆ, ಜಗ್ಗಿದರೆ ಹರಿದೇ ಹೋಗುತ್ತದೆ! ಬೆರಳು ತಾನಾಗಿ ಸಡಿಲವಾಗುತ್ತಿತ್ತು. ಒಮ್ಮೆಯಂತೂ ತರಗತಿಗೆ ಬರುತ್ತಿದ್ದ ಬೇಕರಿಯವನ ಜೊತೆ ಸೆಣಸುತ್ತ, "ಒಂದ್ನಿಮಿಷ ಇರಿ, ಇಲ್ಲಿ ದಾರ ಬಿಟ್ಟಿದೆ" ಎಂದು ಬಗ್ಗಿ ನೋಡಿದ. ಬೇಕರಿಯವನು ಬಿಡುತ್ತಾನೆಯೆ? ಧೊಪ್ಪೆಂದು ಕೆಡವಿದ.

ಮೊದಲ ಮೆಟ್ಟಿಲಾದ ಹಳದಿ ಬೆಲ್ಟಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ. ಹೆಂಡತಿಯ ಚುಚ್ಚುಮಾತು ತಾಳಲಾರದೆ, "ಮೂರನೇ ಸಲಾನೂ ಹೋದ್ರೆ ಬಿಟ್ಬಿಡ್ತೀನಿ, ಆಯ್ತಾ?" ಎಂದು ಮಾತು ಕೊಟ್ಟುಬಿಟ್ಟ. ಜೂಡೊದ ಆ ಗಂಟೆಯೂ ಹೋದರೆ ಉಳಿಯುವುದು ಮಷೀನು, ಬಾಗಿದ ಬೆನ್ನು.

ಪರೀಕ್ಷೆಯ ಬೆಳಿಗ್ಗೆ ತನ್ನದೂ ಮಗಳದೂ ಅಂಗಿಗೆ ಇಸ್ತ್ರಿ ಹಾಕಿದ. ಮಗಳ ಅಂಗಿ ಅವನೇ ಹೊಲಿದದ್ದು. ಸಂಜೆ ಬಸ್ಸಿನಾಕೆ, "ಇವರ ಎದುರಿಗೆ ಯಾರು ನಿಲ್ತೀರಾ?" ಎಂದಾಗ ಎದ್ದು ನಿಂತವಳು ಮಗಳು.

ಅಪ್ಪ ಅವಳ ತೋಳು ಹಿಡಿದ. ಕಣ್ಣು ಅಭ್ಯಾಸಬಲದಿಂದ ಕಂಕುಳಿಗೆ ಹೋಯಿತು.

"ಯಾಕಪ್ಪಾ, ನೀನು ಹೊಲಿದಿದ್ದೂ ಹರಿದು ಹೋಗುತ್ತಾ?" ಎಂದಳು ಮಗಳು ಮೆಲ್ಲಗೆ.

ಅವನಿಗೆ ಮೈಯೆಲ್ಲ ಉರಿದುಹೋಯಿತು. "ಯಾರ ಹೊಲಿಗೆ ಅಂದ್ಕೊಂಡೆ? ಮೂರು ಸಾಲು ಹಾಕಿದ್ದೀನಿ ಕಣೇ!" ಎಂದವನೇ ಜಗ್ಗಿದ, ತಿರುಗಿದ. ಮಗಳು ಅವನ ಸೊಂಟದ ಮೇಲಿಂದ ಹಾರಿ ಚಾಪೆಗೆ ಬಿದ್ದಳು. ಬೇಕರಿಯವನು ಸಿಳ್ಳೆ ಹೊಡೆದ. ಬಸ್ಸಿನಾಕೆ ದರ್ಜಿಯ ಸೊಂಟಕ್ಕೆ ಹಳದಿ ಬೆಲ್ಟು ಬಿಗಿದಳು.

ಮನೆಯ ದಾರಿಯಲ್ಲಿ ಅವನ ತಲೆಗೆ ಅನುಮಾನದ ಹುಳ ಹೊಕ್ಕಿತು. "ನಿಜ ಹೇಳು. ಪಾಪ ಅಂತ ನೀನೇ ಬಿದ್ಯಾ?"

"ಹೋಗಪ್ಪಾ, ನಿಂದೊಂದು" ಎಂದು ನಕ್ಕಳು. ಅದು ಉತ್ತರವೇ? ಮಗಳು ಕನಿಕರಪಟ್ಟು ಕೊಟ್ಟ ಬೆಲ್ಟು ಪಾಯಿಜಾಮದ ಲಾಡಿಗೆ ಸಮ. ಹಾಗಾಗಿದ್ದರೆ ಬೆಲ್ಟು ವಾಪಸ್ ಕೊಟ್ಟು, ಹೆಂಡತಿಗೆ ಕೊಟ್ಟ ಮಾತಿನಂತೆ ಬಿಟ್ಟುಬಿಡುವುದೇ ಸರಿ ಎಂದು ನಿರ್ಧರಿಸಿದ.

ಮರುದಿನ ಬೆಳಿಗ್ಗೆ ಹೆಂಡತಿ ಒಗೆಯಲು ಹಾಕಿದ ರಾಶಿಯಿಂದ ಮಗಳ ಅಂಗಿಯನ್ನು ಎಳೆದುಕೊಂಡ. ಒಳಮಗ್ಗುಲು ತಿರುವಿ ಬೆಳಕಿಗೆ ಹಿಡಿದ. ಕಂಕುಳಿನಲ್ಲಿ ಮೂರು ಸಾಲಿನ ಎರಡು ಸಾಲು ಕಿತ್ತುಬಂದಿತ್ತು. ಇಸ್ತ್ರಿ ಹಾಕುವಾಗ ನೆಟ್ಟಗಿತ್ತು. ಅವಳು ನಿನ್ನೆ ಬೇರೆ ಯಾರ ಕೈಗೂ ಸಿಕ್ಕಿರಲಿಲ್ಲ. ತಾನಾಗಿ ಹಾರಿ ಬಿದ್ದವಳ ಹೊಲಿಗೆ ಹೀಗೆ ಬಿಡುವುದಿಲ್ಲ. ಮೈಭಾರವೆಲ್ಲ ಆ ತೋಳಿನ ಮೇಲೆ ಬಿದ್ದಿರಬೇಕು. ಜನರ ಮಾತು ಹೇಗೋ ಏನೋ, ದಾರ ಅವನ ಹತ್ತಿರ ಸುಳ್ಳು ಹೇಳುವಂತಿಲ್ಲ.

"ಲೇ, ಬಾರೇ ಇಲ್ಲಿ! ನನ್ನ ಹೊಲಿಗೆ ಹರಿದುಹೋಗಿದೆ!" ಎಂದು ಕುಣಿದಾಡಿದ.

"ಮೆಲ್ಲಗೆ! ಗಿರಾಕಿಗಳು ಕೇಳಿಸ್ಕೊಂಡಾರು" ಎಂದಳು ಹೆಂಡತಿ ಗಾಬರಿಯಾಗಿ.

"ಕೇಳಲಿ ಬಿಡು!" ಎನ್ನುತ್ತ ಕಣ್ಣೊರೆಸಿಕೊಂಡು ಮಷೀನಿನ ಮುಂದೆ ಕೂತ. ಈ ಸಲ ನಾಲ್ಕು ಸಾಲು ಹಾಕಿದ.