ಮಲ್ಲಮ್ಮ ಹೇಳಿದ್ದು, ನಾನು ಹೇಳಿದ್ದು

ಮಲ್ಲಮ್ಮ, ಆ ದಿನ ನೀನು ಕಾಲು ನೋಯುತ್ತಿದೆ ಎಂದು ಹೇಳಿದ್ದೆ. ಅದನ್ನು ನಮ್ಮ ಪಿ.ಟಿ. ಸರ್‌ಗೆ ಮುಟ್ಟಿಸದೇ ಇದ್ದವನು ನಾನು. ನೀನೇ ನೋವು ಮುಚ್ಚಿಟ್ಟೆ ಎಂದು ಶಾಲೆಯವರೆಲ್ಲ ನಂಬಿದರು, ನಿಮ್ಮಪ್ಪನೂ ನಂಬಿದರು — ನಾನು ಸುಮ್ಮನಿದ್ದೆ. ಎಂಟು ವರ್ಷ ಸುಮ್ಮನಿದ್ದೆ.

ಇದನ್ನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಮೊದಲು ನಿನಗೆ ಕಳಿಸುತ್ತೇನೆ, ಆಮೇಲೆ ಎಲ್ಲರೂ ಓದಲಿ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಗೊತ್ತಿಲ್ಲದ್ದೂ ಒಂದು ಇದೆ. ಅದನ್ನು ಬರೆಯುವಾಗ ನನ್ನ ಕೈ ನಿಲ್ಲಬಹುದು — ನಿಲ್ಲಬಾರದು.

ನಾಶಿಕದ ಸಾತಪುರದಲ್ಲಿ ನಮ್ಮ ಶಾಲೆ. ಬೀದರಿನಿಂದ ಬಂದ ನಮ್ಮಪ್ಪ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ನಾನು ಅಲ್ಲೇ ಬೆಳೆದವನು, ಮರಾಠಿಯಲ್ಲೇ ಜಗಳ ಆಡುತ್ತಿದ್ದೆ, ಮರಾಠಿಯಲ್ಲೇ ಕನಸು ಕಾಣುತ್ತಿದ್ದೆ. ಕನ್ನಡ ಓದು ಬರಹ ಅಮ್ಮ ಮನೆಯಲ್ಲಿ ಕಲಿಸಿದ್ದು. ನೀನು ಕಲಬುರಗಿ ಕಡೆಯ ಹಳ್ಳಿಯಿಂದ ನೇರ ಒಂಬತ್ತನೇ ಕ್ಲಾಸಿಗೆ ಬಂದೆ. ನಿಮ್ಮ ಅಪ್ಪ ಅವ್ವ ಒಂದು ದೊಡ್ಡ ಬಿಲ್ಡಿಂಗಿನ ಕೆಲಸಕ್ಕೆ ಬಂದಿದ್ದರು. ಅದರ ಪಕ್ಕದ ತಗಡಿನ ಶೆಡ್ಡಿನಲ್ಲೇ ನಿಮ್ಮ ಸಂಸಾರ. ನಿನಗೆ ಬರುತ್ತಿದ್ದ ಮರಾಠಿ ಎಂದರೆ ಹೌದು ಎನ್ನಲು ‘ಹೋ’, ಇಲ್ಲ ಎನ್ನಲು ‘ನಾಹೀ’, ಅಷ್ಟೇ. ಇಡೀ ತರಗತಿಯಲ್ಲಿ ಕನ್ನಡ ತಿಳಿಯುವವನು ನಾನೊಬ್ಬನೇ. ಟೀಚರ್ ಹೇಳಿದ್ದನ್ನು ನಿನಗೆ, ನೀನು ಹೇಳಿದ್ದನ್ನು ಟೀಚರ್‌ಗೆ — ಆ ಕೆಲಸ ನನ್ನ ಪಾಲಿಗೆ ಬಂತು.

ನನಗೆ ಓಟದ ಹುಚ್ಚು. ಕಾಲು ಮಾತ್ರ ನಿಧಾನ. ಅಪ್ಪನ ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಉಸಿರು ಹೇಗೆ ಬಿಡಬೇಕು, ಏರು ಹೇಗೆ ಹತ್ತಬೇಕು ಎಲ್ಲ ಕಲಿತಿದ್ದೆ, ಓಡಿದರೆ ಮಾತ್ರ ಕೊನೆಯವರ ಜೊತೆ ಇರುತ್ತಿದ್ದೆ. ನೀನು ಮೈದಾನದಲ್ಲಿ ಮೊದಲ ಸಲ ಓಡಿದ್ದು ಬರಿಗಾಲಲ್ಲಿ. ಹುಡುಗಿಯರನ್ನೆಲ್ಲ ಹಿಂದೆ ಹಾಕಿ, ಹುಡುಗರ ಗುಂಪಿನೊಳಗೆ ನುಗ್ಗಿ, ನನ್ನ ಪಕ್ಕ ಬಂದಾಗ ಹೇಳಿದ್ದೆಯಲ್ಲ —

"ಏನಪ್ಪ ಸಂಗು, ಸಂತಿಗಿ ಹೊಂಟಂಗ ಹೊಂಟೀಯಲ್ಲ!"

ನನಗೆ ಸಿಟ್ಟೇ ಬರಲಿಲ್ಲ. ನಿಧಿ ಸಿಕ್ಕಿತು ಅನ್ನಿಸಿತು. ನೀನು ಕೇಳದಿದ್ದರೂ ನಾನು ನಿನ್ನ ಕೋಚ್ ಆದೆ.

ಕಾರ್ಖಾನೆಗಳ ರಸ್ತೆಯಲ್ಲಿ, ಶಿಫ್ಟಿಗೆ ಹೋಗುವ ಬೈಕುಗಳ ಸಾಲಿನ ಅಂಚಿಗೆ ಮುಂಜಾನೆ ವೇಗದ ಓಟ. ರಜೆ ಬಂದರೆ ಪಾಂಡವಲೇಣಿ ಗುಡ್ಡದ ಮೆಟ್ಟಿಲು. ನಾನು ಹೇಳಿದ್ದೆಲ್ಲವನ್ನೂ ನೀನು ಮಾಡುತ್ತಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ನೀನು ಅವ್ವನ ಜೊತೆ ಇಟ್ಟಿಗೆ ಹೊರುತ್ತೀಯ ಎಂದು ನನಗೆ ತಿಳಿದಿತ್ತು. ಒಮ್ಮೆ ನೋಡಲೂ ಬಂದಿದ್ದೆ. ತಲೆಯ ಮೇಲೆ ಇಟ್ಟಿಗೆ ತುಂಬಿದ ಪುಟ್ಟಿ ಇಟ್ಟುಕೊಂಡು, ಕೈಗೆ ಆಸರೆ ಇಲ್ಲದ ಮೆಟ್ಟಿಲು ಹತ್ತಿ ಹತ್ತಿ ಹೋಗುತ್ತಿದ್ದೆ. ನಾನು ಕೆಳಗೆ ನಿಂತು ಕೂಗಿದೆ:

"ಪುಕ್ಕಟ್ಟೆ ಜಿಮ್ ನೋಡು ಇದು! ಬ್ಯಾರೆ ಹುಡುಗ್ಯಾರಿಗಿ ಎಲ್ಲಿ ಸಿಗಬೇಕು?"

"ಹಂಗಿದ್ರ ನೀನೂ ಬಾ," ಎಂದೆ ನೀನು. "ಎರಡು ಪುಟ್ಟಿ ನಿನ್ನ ತಲಿ ಮ್ಯಾಲೂ ಇಡ್ತೀನಿ."

ನಿಮ್ಮವ್ವ ನಕ್ಕರು. ನಾನೂ ನಕ್ಕೆ. ಒಂದು ದಿನವೂ ಆ ಪುಟ್ಟಿಯನ್ನು ಹೊತ್ತು ನೋಡಲಿಲ್ಲ. ದುಡಿದು ದಣಿದ ಹುಡುಗಿ ನನಗೆ ಕಾಣಲೇ ಇಲ್ಲ, ಮಲ್ಲಮ್ಮ — ಕಂಡಿದ್ದು ಟ್ರೇನಿಂಗ್. ಬೇರೆ ಯಾರಿಗೂ ಇಲ್ಲದ ಲಾಭ ಎಂದುಕೊಂಡೆ. ಅಷ್ಟು ಹೊತ್ತ ಕಾಲುಗಳಿಗೆ ಮರುದಿನ ಮುಂಜಾನೆ ಮತ್ತೆ ಓಟ ಕೊಟ್ಟೆ. ಈ ಇಟ್ಟಿಗೆಯ ಮಾತನ್ನು ಸರ್‌ಗೆ ಹೇಳಲಿಲ್ಲ. ಹೇಳಿದ್ದರೆ ಅವರು ಓಟ ಕಡಿಮೆ ಮಾಡಿಸುತ್ತಿದ್ದರು.

ನಿನ್ನ ಟೈಮಿಂಗ್ ವಾರದಿಂದ ವಾರಕ್ಕೆ ಇಳಿಯಿತು. ಸರ್ ಸ್ಟಾಪ್‌ವಾಚ್ ಕೆಟ್ಟಿದೆಯೋ ಏನೋ ಎಂದು ಅಲ್ಲಾಡಿಸಿ ನೋಡಿದರು. ಛತ್ರಪತಿ ಸಂಭಾಜಿನಗರದಲ್ಲಿ ನಡೆಯುವ ರಾಜ್ಯ ಮಟ್ಟದ ಕ್ರಾಸ್ ಕಂಟ್ರಿ ಓಟಕ್ಕೆ ನೀನು ಆಯ್ಕೆಯಾದೆ. ಅಲ್ಲಿ ಮುಂದೆ ಬಂದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ — ಊಟ, ಶಾಲೆ, ಬೂಟು, ಹನ್ನೆರಡನೆಯವರೆಗೆ. "ಹಾಸ್ಟೆಲ್ ಸಿಕ್ರ ಓದಲಿ, ಇಲ್ಲಂದ್ರ ಹತ್ತನೇದ್ದು ಮುಗಿದ ಮ್ಯಾಲ ನಮ್ಮ ಜೋಡಿ ಕೆಲಸಕ್ಕ ಬರಲಿ" ಎಂದು ನಿಮ್ಮಪ್ಪ ಹೇಳಿದ್ದು ನನ್ನ ಮುಂದೆಯೇ. ನಿನ್ನ ಪಾಲಿಗೆ ಆ ಓಟ ಏನೆಂದು ನನಗೆ ಪೂರ್ತಿ ತಿಳಿದಿತ್ತು. ತಿಳಿದೂ —

ನಾನು ಆಯ್ಕೆಯಾಗಿರಲಿಲ್ಲ. "ಅವಳಿಗೆ ಹೇಳಿ ಕೇಳಿ ಮಾಡಲು ನೀನೂ ಬಾ" ಎಂದು ಸರ್ ಜೀಪಿನಲ್ಲಿ ಜಾಗ ಕೊಟ್ಟರು, ಶಾಲೆಯ ಹೆಸರಿದ್ದ ಟಿ-ಶರ್ಟ್ ಕೊಟ್ಟರು. ಬೆನ್ನ ಮೇಲಿನ ಆ ಅಕ್ಷರ ಕಾಣಲೆಂದು ನಾನು ಎಲ್ಲರಿಗೂ ಬೆನ್ನು ತಿರುಗಿಸಿಕೊಂಡು ಓಡಾಡಿದೆ.

ಹೊರಡುವ ವಾರ ನೀನು ಮೊಣಕಾಲಿನ ಕೆಳಗಿನ ಎಲುಬು ತೋರಿಸಿದ್ದೆ. ನಾನು ಬೆರಳಿಟ್ಟು ಒತ್ತಿದರೆ ನೀನು ಚೀರಿದೆ. ನಾನು ಕಬ್ಬಿನ ಹಾಲಿನ ಗಾಡಿಯವನ ಹತ್ತಿರ ಐಸ್ ಕೇಳಿ ತಂದು ಕೊಟ್ಟೆ. ದೊಡ್ಡ ಓಟಗಾರರಿಗೆಲ್ಲ ಹೀಗಾಗುತ್ತದೆ ಎಂದೆ. ಓಟ ನಿಲ್ಲಿಸು ಅನ್ನಲಿಲ್ಲ. ಪುಟ್ಟಿ ಇಳಿಸು ಅನ್ನಲಿಲ್ಲ.

ಆ ಮುಂಜಾನೆ. ಸಂಭಾಜಿನಗರದ ಹೊರಗೆ, ದೌಲತಾಬಾದಿನ ರಸ್ತೆ ಕಡೆಗೆ, ಕಲ್ಲು ತುಂಬಿದ ಬಯಲು. ಸುಣ್ಣದ ಗೆರೆ, ಬಣ್ಣದ ಬಾವುಟ. ಜೀಪಿನಿಂದ ಇಳಿಯುವಾಗಲೇ ನೀನು ಒಂದು ಕಾಲು ತಡೆದು ಇಡುತ್ತಿದ್ದೆ. ಸರ್ ಹತ್ತಿರ ಬಂದು ಮರಾಠಿಯಲ್ಲಿ ಕೇಳಿದರು — ಅವಳಿಗೆ ಏನಾದರೂ ತ್ರಾಸು ಇದೆಯೇ ಕೇಳು.

ಕೇಳಿದೆ. ನೀನು ಹೇಳಿದೆ:

"ಎಲುಬು ಉರೀಲತ್ತದ ಸಂಗು. ನಿದ್ದೀನೇ ಬಂದಿಲ್ಲ. ಇವತ್ತು ಬಿಟ್ರ ಮತ್ತ ಯಾವಾಗರ ಓಡ್ಲಿಕ್ಕಿ ಬರ್ತದೇನು, ಸರ್‌ಗಿ ಕೇಳು."

ನಾನು ಸರ್ ಕಡೆ ತಿರುಗಿದೆ.

"ತಿಲಾ ಕಾಹೀಚ್ ತ್ರಾಸ್ ನಾಹೀ, ಸರ್."

ಅವಳಿಗೆ ಏನೂ ತ್ರಾಸು ಇಲ್ಲ, ಸರ್. ಇಷ್ಟೇ. ಬಾಯಿ ತಡವರಿಸಲೂ ಇಲ್ಲ.

ನೀನು ಓಡದಿದ್ದರೆ ನಾನು ಯಾರು? ಟಿ-ಶರ್ಟ್ ಹಾಕಿಕೊಂಡ ನಿಧಾನದ ಹುಡುಗ. ನೀನು ಗೆದ್ದರೆ — ಗೆಲ್ಲಿಸಿದವನು. ಆ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಹುಡುಗ ಬುದ್ಧಿ ಎಂದು ಹೇಳಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಆದರೆ ಎಲುಬು ಉರಿಯುವುದು ಎಂದರೆ ಏನೆಂದು ತಿಳಿಯದ ವಯಸ್ಸೇನೂ ಅಲ್ಲ ಅದು.

ನೀನು ನನ್ನ ಮುಖವನ್ನೇ ನೋಡಿದೆ. ‘ನಾಹೀ’ ನಿನಗೆ ಅರ್ಥವಾಗುತ್ತಿದ್ದ ಮಾತು. "ಸರ್ ಏನಂದ್ರು?" ಎಂದು ಕೇಳಿದೆ.

"ಓಡು ಅಂದ್ರು."

ಸರ್ ಹಾಗೆ ಅಂದಿರಲೇ ಇಲ್ಲ. ನೀನು ಬಗ್ಗಿ ಬೂಟಿನ ದಾರ ಬಿಗಿದೆ. "ಓಟದ್ದು ನಿನಗ ತಿಳೀತದ ಬಿಡು," ಎಂದೆ. ಹಂಗಿಸಿದ್ದೋ, ನಂಬಿದ್ದೋ? ಇಷ್ಟು ವರ್ಷ ಎರಡೂ ರೀತಿಯಲ್ಲಿ ಕೇಳಿಸಿಕೊಂಡಿದ್ದೇನೆ. ನಂಬಿದ್ದು ಎಂದುಕೊಂಡಾಗಲೇ ಹೆಚ್ಚು ಕಷ್ಟವಾಗುತ್ತದೆ.

ಮೊದಲ ಸುತ್ತಿನಲ್ಲಿ ನೀನೇ ಮುಂದಿದ್ದೆ. ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಎರಡನೆಯ ಸುತ್ತಿನಲ್ಲಿ, ಕಲ್ಲಿಲ್ಲದ ತಗ್ಗಿಲ್ಲದ ಸಪಾಟು ಜಾಗದಲ್ಲಿ, ನೀನು ಬಿದ್ದೆ. ಎದ್ದೆ. ಕಾಲು ಊರಲು ನೋಡಿ ಮತ್ತೆ ಬಿದ್ದೆ. ಕೈಯೂರಿ ಮುಂದಕ್ಕೆ ತೆವಳಿದೆ — ಸರ್ ಓಡಿ ಹೋಗಿ ಹಿಡಿದುಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರು, ಎಲುಬು ಮೊದಲೇ ಬಿರುಕು ಬಿಟ್ಟಿತ್ತು, ಇವತ್ತು ಮುರಿಯಿತು ಎಂದರು. ಸರ್‌ಗೆ ಸಿಟ್ಟು ಬಂದಿತ್ತು. "ಯಾಕೆ ಮುಚ್ಚಿಟ್ಟಳು ಕೇಳು. ಗಾಯವಾದವರಿಗೆ ಮುಂದಿನ ತಿಂಗಳು ನಾಶಿಕದಲ್ಲೇ ಹಾಸ್ಟೆಲಿಗೆ ಬೇರೆ ಆಯ್ಕೆ ಓಟ ಇತ್ತು, ಅಲ್ಲಿಗೆ ಕಳಿಸುತ್ತಿದ್ದೆನಲ್ಲ!" ಎಂದು ನನಗೆ ಹೇಳಿದರು, ನಿನಗೆ ತಿಳಿಸಲಿ ಎಂದು.

ನಿನಗೆ ಗೊತ್ತಿಲ್ಲದ್ದು ಇದು, ಮಲ್ಲಮ್ಮ. ಇನ್ನೊಂದು ಅವಕಾಶ ಇತ್ತು. ನೀನು ಕೇಳು ಎಂದಿದ್ದ ಪ್ರಶ್ನೆಗೆ ‘ಇದೆ’ ಎಂಬ ಉತ್ತರ ಇತ್ತು. ನಾನು ಹಾಸಿಗೆಯ ಕಡೆ ತಿರುಗಿ, "ಆರಾಮ ಮಾಡು ಅಂತಾರ ಸರ್" ಎಂದೆ.

ಸಂಜೆಗೆ ನಿಮ್ಮಪ್ಪ ಬಂದರು. ಬಟ್ಟೆಯ ಮೇಲಿನ ಸಿಮೆಂಟು ಹಾಗೇ ಇತ್ತು. "ಬಾಯಿ ಬಿದ್ದು ಹೋಗಿತ್ತೇನು ನಿಂದು? ನೋಯ್ತದಂತ ಹೇಳ್ಲಿಕ್ಕಿ ಏನಾಗಿತ್ತು?"

"ಹೇಳೀನಿ," ಎಂದೆ ನೀನು. "ಸಂಗುಗ ಹೇಳೀನಿ."

ಅವರು ನನ್ನ ಕಡೆ ನೋಡಿದರು. ಹೊಡೆಯುವ ನೋಟವಲ್ಲ, ಕೇಳುವ ನೋಟ. "ಹೌದೇನಪ್ಪ?"

"ನನಗೇನೂ ಹೇಳಿಲ್ರಿ ಕಾಕಾ."

ನೀನು ಗೋಡೆಯ ಕಡೆ ಮುಖ ಮಾಡಿದೆ. ಆಮೇಲೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬಿಲ್ಡಿಂಗಿನ ಕೆಲಸ ಮುಗಿಯುತ್ತಲೇ ನಿಮ್ಮವರು ಹೊರಟು ಹೋದರು. ಸಿಲ್ಲೋಡ್ ಎಂಬ ಊರಿಗೆ ಎಂದರು ಕೆಲವರು, ಹತ್ತಿ ಬಿಡಿಸುವ ಕೆಲಸಕ್ಕೆ.

ನಾನು ಓಡುತ್ತಲೇ ಇದ್ದೆ. ಈಗ ನಾಶಿಕದಲ್ಲಿ ಕೆಲವರಿಗೆ ಓಟ ಹೇಳಿಕೊಡುತ್ತೇನೆ, ನನ್ನನ್ನು ಕೋಚ್ ಅನ್ನುತ್ತಾರೆ. ಹೋದ ತಿಂಗಳು ಸರ್ ಶಾಲೆಯ ಮಕ್ಕಳ ಜೊತೆ ಮಾತಾಡಲು ಕರೆದರು. ಮಕ್ಕಳ ಮುಂದೆ ಅವರು ನಿನ್ನ ಕತೆ ಹೇಳಿದರು, ನಿನ್ನ ಹೆಸರು ಹಿಡಿದು. ಒಬ್ಬಳು ಹುಡುಗಿ ಇದ್ದಳು, ಗೆಲ್ಲುವ ಆಸೆಗೆ ನೋವು ಮುಚ್ಚಿಟ್ಟು ಸುಳ್ಳು ಹೇಳಿದಳು, ಕಾಲು ಹಾಳುಮಾಡಿಕೊಂಡಳು, ನೀವು ಹಾಗೆ ಮಾಡಬೇಡಿ. ಪ್ರತಿ ವರ್ಷ ಹೇಳುತ್ತಾರಂತೆ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಬೇಕಾದರೆ ಇವನನ್ನು ಕೇಳಿ, ಇವನು ಅಲ್ಲೇ ಇದ್ದ" ಎಂದರು.

ನಾನು ಹೌದೆಂದು ತಲೆಯಾಡಿಸಿದೆ. ಈ ವಯಸ್ಸಿನಲ್ಲೂ.

ಒಂದು ವಾರ ಕೂಡ ತಡೆಯಲಾಗಲಿಲ್ಲ. ಮತ್ತೆ ಶಾಲೆಯ ಮೈದಾನಕ್ಕೆ ಹೋಗಿ, ಅದೇ ಮಕ್ಕಳ ಮುಂದೆ, ನೀನು ಹೇಳಿದ್ದು ಏನು, ನಾನು ಹೇಳಿದ್ದು ಏನು, ಎರಡನ್ನೂ ಮರಾಠಿಯಲ್ಲಿ ಹೇಳಿದೆ. ಸರ್ ನನ್ನನ್ನು ಬೈಯಲಿಲ್ಲ. ಕುರ್ಚಿ ಹುಡುಕಿ ಕುಳಿತರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು — ಅಣ್ಣಾ, ಆಕೆ ಈಗ ಓಡುತ್ತಾಳಾ?

ನನಗೆ ಗೊತ್ತಿರಲಿಲ್ಲ. ಓಡುವ ಮಾತಿರಲಿ, ನೀನು ಸರಿಯಾಗಿ ನಡೆಯುತ್ತೀಯೋ ಇಲ್ಲವೋ — ಅದನ್ನೂ ನಾನು ಯಾರನ್ನೂ ಕೇಳಿರಲಿಲ್ಲ.

ಆಮೇಲೆ ನಿಮ್ಮ ಜೊತೆ ಬಿಲ್ಡಿಂಗಿನ ಕೆಲಸಕ್ಕಿದ್ದವರನ್ನು ಹುಡುಕಿ ಕೇಳಿದೆ. ನೀನು ದೌಲತಾಬಾದಿನಲ್ಲಿದ್ದೀಯ, ಕೋಟೆಯ ರಸ್ತೆಯಲ್ಲಿ ನಿಮ್ಮದೊಂದು ಸಣ್ಣ ಅಂಗಡಿ ಇದೆ, ನಿಮ್ಮಪ್ಪನೂ ನಿಮ್ಮ ಜೊತೆಗೇ ಇದ್ದಾರೆ ಎಂದರು. ಹೆಚ್ಚು ಹೊತ್ತು ನಿಂತರೆ ಕಾಲು ಊದಿಕೊಳ್ಳುತ್ತದೆ ಎಂದರು. ನಿನ್ನ ನಂಬರ್ ಸಿಕ್ಕಿದ್ದು ಅವರಿಂದಲೇ.

ಭಾನುವಾರ ಬರುತ್ತೇವೆ, ಸರ್ ಮತ್ತು ನಾನು. ನಾನು ಬೇಡ ಎಂದರೆ ಸರ್ ಒಬ್ಬರೇ ಬರುತ್ತಾರೆ. ನೀನು ಈಗ ಮರಾಠಿಯಲ್ಲಿ ಗಿರಾಕಿಗಳ ಜೊತೆ ಜಗಳವನ್ನೂ ಆಡುತ್ತೀಯಂತೆ. ಸರ್ ಜೊತೆ ನೀನೇ ಮಾತಾಡು, ನಾನು ನಡುವೆ ಬರುವುದಿಲ್ಲ. ಕ್ಷಮಿಸು ಎಂದು ಕೇಳಲೂ ನನಗೆ ಬಾಯಿಲ್ಲ. ನಿಮ್ಮಪ್ಪನ ಮುಂದೆ ಮಾತ್ರ ಒಂದು ನಿಮಿಷ ನಿಲ್ಲಲು ಬಿಡು. ಹೇಳಿದ್ದಳ್ರಿ ಕಾಕಾ, ನನಗ ಹೇಳಿದ್ದಳ್ರಿ — ಇಷ್ಟು ಹೇಳಿ ಹೋಗುತ್ತೇನೆ.