ಮೈನುದ್ದೀನನ ಸಣ್ಣ ತಂತಿ

ಮೈನುದ್ದೀನನ ಮನಿ ಗಜೇಂದ್ರಗಡದಾಗ ನಮ್ಮ ಮನಿ ಮಗ್ಗಲಕ್ಕಿತ್ತು. ಅವರಪ್ಪ ನೇಕಾರ. ಇವಂಗ ಮಗ್ಗ ಒಗ್ಗಲಿಲ್ಲ, ನಾಟಕ ಕಂಪನಿ ಸೇರಿದ. ಐವತ್ತೇಳನೇ ಇಸವಿಯೊಳಗ ಮಾಲಕರು ಮುಂಬೈಯಿಂದ ಒಂದು ಕರೆಂಟಿನ ಗಿಟಾರ ತರಿಸಿ ಇವನ ಕೈಗೆ ಕೊಟ್ರು. ತೊಡಿ ಮ್ಯಾಲ ಅಡ್ಡ ಮಲಗಿಸಿ, ಎಡಗೈಲೆ ಉಕ್ಕಿನ ತುಂಡು ಜಾರಿಸಿ, ಬಲಗೈಲೆ ಮೀಟೂದು. ಅದರಿಂದ ಒಂದು ವಾಯರು ದನಿ ದೊಡ್ಡದು ಮಾಡೂ ಡಬ್ಬಿಗೆ, ಡಬ್ಬಿಯಿಂದ ಮೋಟಾರಿನ ಬ್ಯಾಟರಿಗೆ. ಅವನ ಹೆಂಡ್ತಿ ಬಾನುಬಿ ಅದಕ್ಕ ಸವತಿ ಅಂತಿದ್ಲು.

"ಅದಕ್ಕ ದಿನಾ ಮೈ ಒರಸ್ತಾನ್ರಿ ಅಕ್ಕಾರ. ನನ್ನ ಮಾರಿ ನೋಡಾಕ ಪುರಸೊತ್ತಿಲ್ಲ."

ಕಂಪನಿ ನರಗುಂದದ ಆಟ ಮುಗಿಸಿ ರೋಣಕ್ಕ ಬಂದಾಗ, ಇಂವ ವಾದ್ಯ, ಡಬ್ಬಿ, ಬ್ಯಾಟರಿ ಎಲ್ಲಾ ಹೊತಗೊಂಡು ಊರಿಗೆ ಬಂದ. ಮಾರಿ ಸಪ್ಪಗಾಗಿತ್ತು. ಎಲ್ಲಾದ್ರಕಿಂತ ಸಣ್ಣ ತಂತಿ, ಹಾಡಿನ ರಾಗ ಹೊರೂ ತಂತಿ, ದನಿ ಬಿಟ್ಟಿತ್ತು. ಮೀಟಿದರ 'ಟಪ್' ಅಂತಿತ್ತು, ಅಷ್ಟ. ಶುಕ್ರವಾರದ ಆಟಕ್ಕ ಅದು ನುಡೀಲಿಲ್ಲಂದ್ರ ನೀನೂ ಬರಬ್ಯಾಡ ಅಂತ ಮಾಲಕರು ಅಂದಿದ್ರಂತ.

ನಾನು ಅವರ ಕಟ್ಟಿ ಮ್ಯಾಲ ಶೇಂಗಾ ಸುಲಕೋತ ಕುಂತಿದ್ದೆ. ಇಂವ ಹೊಸಾ ತಂತಿ ಹಾಕಿದ. ಟಪ್. ವಾಯರಿನ ತುದಿ ಉಸುಕಿನ ಕಾಗದಲೆ ತಿಕ್ಕಿದ. ಟಪ್. ಬ್ಯಾಟರಿ ಬದಲಿಸಿದ, ತಂತಿ ಬುಡಕ್ಕ ಬಿದಿರಿನ ಚೂರು ಇಟ್ಟು ಎತ್ತರ ಮಾಡಿದ. ಟಪ್. ಸಿಟ್ಟು ಬಂತು, ವಾದ್ಯ ಚಾಪಿ ಮ್ಯಾಲ ಇಟ್ಟು ನೀರು ಕುಡ್ಯಾಕ ಎದ್ದ.

ಬಾನುಬಿ ಕಸಾ ಹೊಡಿಯೂದು ಬಿಟ್ಟು, "ಏನವಾ ಸವತಿ, ಯಾಕ ಸಿಟ್ಟಾಗೀ?" ಅಂತ ಒಂದ ಬೆರಳಿಲೆ ಆ ತಂತಿ ಮೀಟಿದ್ಲು. 'ಠಣ್' ಅಂತ ಓಣಿ ತುಂಬ ಕೇಳಿಸ್ತು.

ಮೈನುದ್ದೀನ ತಂಬಿಗಿ ಹಿಡಕೊಂಡ ಓಡಿ ಬಂದ. "ಏನ ಮಾಡಿದಿ?"

"ಏನಿಲ್ಲ, ಮುಟ್ಟಿದೆ."

ತಾ ಕುಂತು ಮೀಟಿದ. ಟಪ್. ಆಕಿ ಮೀಟಿದ್ಲು, ಠಣ್. ಮತ್ತ ಇಂವ. ಟಪ್.

"ಗಂಡನ ಕಂಡ್ರ ಮಾತು ಬಿಡತೈತಿ ನೋಡ್ರಿ!" ಅಂತ ಬಾನುಬಿ ನಕ್ಕಳು.

ನಾ ಅವನ ಕೈ ನೋಡಿದೆ. ಬಲಗೈ ಕಿರಿಬೆರಳು ಒಳಗ ಮಣದು ಆ ತಂತಿ ಮ್ಯಾಲ ಕುಂತಿತ್ತು.

"ಕಿರಿಬೆರಳು ಎತ್ತಪಾ ತಮ್ಮಾ, ತಂತಿಗೆ ಹತ್ತೈತಿ."

"ಇಲ್ರಿ ಅಕ್ಕಾರ, ಹತ್ತಿಲ್ಲ."

"ಬಗ್ಗಿ ನೋಡು."

ನೋಡಿದ. ಹತ್ತಿತ್ತು. ಎತ್ತಾಕ ಹೋದ, ಬೆರಳು ಏಳಲಿಲ್ಲ. ಬಾನುಬಿ ನಗೂದು ನಿಂತಿತು. ಒಳಗ ಹೋಗಿ ಸೂಜಿ ತಂದು, ಅವಂಗ ಕಣ್ಣು ಮುಚ್ಚಂದು, ಆ ಬೆರಳಿಗೆ ಚುಚ್ಚಿದ್ಲು.

"ಚುಚ್ಚು ಮತ್ತ, ಯಾಕ ತಡಾ ಮಾಡ್ತಿ?" ಅಂದ.

ರಕ್ತ ಆಗಲೇ ಚಾಪಿ ಮ್ಯಾಲ ಹನೀತಿತ್ತು.

ನನ್ನ ಕೈಯಾನ ಶೇಂಗಾ ಕೈಯಾಗ ಉಳದೂ. ಆಗೆಲ್ಲಾ ಕುಷ್ಠ ಅನ್ನೂ ಶಬ್ದ ಯಾರೂ ಮನಿಯೊಳಗ ಆಡತಿದ್ದಿಲ್ಲ. ನಾವು ಮೂವರೂ ಆಡಲಿಲ್ಲ, ಮೂವರಿಗೂ ಗೊತ್ತಾತು.

"ಕಾದ ಚಹಾದ ಪಾತೇಲಿ ಬರಿಗೈಲೆ ಇಳಸ್ತಿದ್ದ," ಅಂದ್ಲು ಬಾನುಬಿ. "ನನ್ನ ಗಂಡನ ಕೈ ಎಷ್ಟ ಗಟ್ಟಿ ಅಂತ ನಾನ ಓಣಿಗೆಲ್ಲಾ ಹೇಳ್ಕೋತ ಅಡ್ಡಾಡಿದೆನಲ್ರಿ."

ಅಂವ ಅಂದದ್ದು ಒಂದ: "ಶುಕ್ರವಾರ ಆಟೈತಿ."

ಆಕಿ ಆ ಬೆರಳು ತನ್ನ ಕೈಲೆ ಎತ್ತಿ ಹಿಡದ್ಲು. ಇಂವ ಮೀಟಿದ. ಸಣ್ಣ ತಂತಿ ಸ್ವಚ್ಛ ನುಡೀತು. ಆ ದನಿ ಬರಲಿ ಅಂತ ಮುಂಜಾನಿಂದ ಕುಂತಿದ್ವಿ.

ಗದಗಿನ ದವಾಖಾನ್ಯಾಗ ಡಾಕ್ಟರು ಮೊಣಕೈ ನರ ಒತ್ತಿ ನೋಡಿ, ಹೌದಂದ್ರು. ಗುಳಗಿ ವರ್ಷಾನಗಟ್ಲೆ ನುಂಗಬೇಕು, ರೋಗ ನಿಲ್ತೈತಿ, ಬೆರಳಿನ ಮಾತು ಹೇಳಾಕಾಗೂದಿಲ್ಲ ಅಂದ್ರು.

ಶುಕ್ರವಾರ ಕಿರಿಬೆರಳನ್ನ ಅರಿವಿ ಪಟ್ಟಿಲೆ ಹಿಂದಕ್ಕ ಬಿಗದು ಕಟಗೊಂಡು ರೋಣಕ್ಕ ಹೋದ. ಹಾಡು ಪೂರಾ ನುಡಿಸಿದ. ಮಾಲಕರು "ಶಾಬಾಸ್! ಪಟ್ಟಿ ಯಾಕೋ?" ಅಂದ್ರಂತ. ಉಳುಕೈತಿ ಅನಬಹುದಿತ್ತು. ಇಂವ ಖರೇ ಹೇಳಿದ.

ಮಾಲಕರು ಕುರ್ಚಿ ಬಿಟ್ಟು ಎದ್ದು ಬಾಗಲಕ್ಕ ಹೋಗಿ ನಿಂತ್ರಂತ. ಇಂವ ಗಿಟಾರ ಅವರ ಮುಂದ ಇಟ್ಟ. ಅಷ್ಟು ದುಬಾರಿ ವಾದ್ಯ, ಅವರು ಕೈ ಚಾಚಲಿಲ್ಲ.

"ಅದನ್ನೂ ನೀನ ಒಯ್ಯಿ," ಅಂದ್ರು.

ಹಿಂಗ ಅದು ಅವನದಾತು. ಗುಳಗಿಯಿಂದ ರೋಗ ನಿಂತಿತು. ಬೆರಳು ಡೊಂಕ ಉಳೀತು. ಕಂಪನಿಯವರು ಯಾರೂ ಅವನ ಮನಿ ಕಡೆ ಮತ್ತ ಬರಲಿಲ್ಲ.